ಹಾರ್ನ್ ಕೊಟ್ಟು ತಂದ ತಂಪು

ನನ್ನ ಕಾರಿನ ಎ.ಸಿ. ಬಿಸಿಗಾಳಿ ಊದತೊಡಗಿದ್ದೇ ತಡ, ಮನೆಯಲ್ಲಿ ಎಲ್ಲರಿಗೂ ಕಾರನ್ನೇ ಮಾರುವ ಹುಮ್ಮಸ್ಸು ಬಂತು. ಎಲ್ಲರೂ ಎಂದರೆ ನನ್ನ ಮಗ. ಕಾರು ನನ್ನದು. ಟೀಚರ್ ಕೆಲಸದ ಕೊನೆಯ ವರ್ಷ ನಾನೇ ಕೊಂಡಿದ್ದು, ನಿವೃತ್ತಿಯಾದ ಮೇಲೆ ಓಡಿಸಲು ಕಲಿತದ್ದು. ನನ್ನ ಗಂಡ ಇದ್ದಷ್ಟು ದಿನ ಸ್ಟೀರಿಂಗ್ ಮುಟ್ಟಲು ಬಿಟ್ಟವರಲ್ಲ. ಚಾಮರಾಜಪೇಟೆಯಿಂದ ಮಲ್ಲೇಶ್ವರದ ಅಕ್ಕನ ಮನೆಗೆ ಯಾರನ್ನೂ ಕೇಳದೆ ಹೋಗಿಬರುವ ಸುಖ ನನಗೆ ಗೊತ್ತಾದದ್ದೇ ಅರವತ್ತರ ಮೇಲೆ. ಅದನ್ನು ಒಂದು ಬಿಸಿಗಾಳಿಯ ನೆಪಕ್ಕೆ ಬಿಟ್ಟುಕೊಡಲು ನನಗೇನು ತಲೆ ಕೆಟ್ಟಿದೆಯೇ?

ಸರ್ವಿಸ್ ಸೆಂಟರಿನವರು ಬಾನೆಟ್ ಎತ್ತಿದ ಶಾಸ್ತ್ರ ಮಾಡಿ, ಕಂಪ್ರೆಸರ್ ಹೋಗಿದೆ ಎಂದರು. ಮಗ ತಲೆಯಾಡಿಸಿದ. "ನೋಡಮ್ಮಾ, ರಿಪೇರಿ ದುಡ್ಡಿಗೆ ಈ ಗಾಡೀನೇ ಬಾಳಲ್ಲ. ನಿಂಗೆ ಎಲ್ಲಿಗೆ ಹೋಗ್ಬೇಕೋ ಹೇಳು, ನಾನು ಕ್ಯಾಬ್ ಬುಕ್ ಮಾಡ್ಕೊಡ್ತೀನಿ" ಎಂದ. ಎಲ್ಲಿಗೆ ಹೋಗಬೇಕೆಂದು ನಾನು ಅವನಿಗೆ ಹೇಳಬೇಕಂತೆ! ಮೈಯೆಲ್ಲ ಉರಿದುಹೋಯಿತು. ಅಷ್ಟರಲ್ಲಿ ಅವನು ಭಾನುವಾರ ಗಾಡಿ ಕೊಳ್ಳುವವರು ಬಂದು ನೋಡುವುದನ್ನೂ ಗೊತ್ತುಮಾಡಿಬಿಟ್ಟಿದ್ದ.

ನಾನು ಒಂದು ವಿಷಯ ಗಮನಿಸಿದ್ದೆ. ಮೈಸೂರು ರಸ್ತೆಯ ಫ್ಲೈಓವರ್ ಮೇಲೆ ಗಾಡಿ ಓಡುವಾಗ ಗಾಳಿ ಅಷ್ಟೋ ಇಷ್ಟೋ ತಣ್ಣಗಿರುತ್ತಿತ್ತು. ಇಳಿದು ಸಿಗ್ನಲ್‌ನಲ್ಲಿ ನಿಂತರೆ ಒಲೆಯ ಮುಂದೆ ಕೂತ ಹಾಗೆ. ಮಗನಿಗೆ ಹೇಳಿದರೆ, "ಅದು ನಿನ್ನ ಭ್ರಮೆ" ಎಂದ. ಜೀವಮಾನವೆಲ್ಲ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳಿಗೆ ಭ್ರಮೆ!

ಭಾನುವಾರ ಕಾಫಿ ಕುಡಿದವಳೇ ಸೆರಗು ಸಿಕ್ಕಿಸಿ ಬಾನೆಟ್ ಎತ್ತಿದೆ. ಎಂಜಿನ್ ಶುರುಮಾಡಿ ಎ.ಸಿ. ಹಾಕಿದರೆ ಒಳಗಿನಿಂದ 'ಟಕ್' ಎಂದು ಸದ್ದು ಬಂತು. ಅದು ಕಂಪ್ರೆಸರ್ ಕೆಲಸಕ್ಕೆ ಇಳಿಯುವ ಸದ್ದು ಎಂದು ಮೊಬೈಲಿನ ವೀಡಿಯೊ ನೋಡಿ ತಿಳಿದುಕೊಂಡಿದ್ದೆ. ಅಂದರೆ ಹೋಗಿಲ್ಲ, ಬದುಕಿದೆ. ಆದರೆ ಮುಂದಿರುವ ಎರಡು ಫ್ಯಾನುಗಳಲ್ಲಿ ಎ.ಸಿ.ಯದು ಅಲುಗಾಡಲಿಲ್ಲ. ಗಾಡಿ ಓಡುವಾಗ ಎ.ಸಿ.ಯ ಬಿಸಿಯನ್ನು ಎದುರುಗಾಳಿ ಆರಿಸುತ್ತದೆ, ಗಾಡಿ ನಿಂತಾಗ ಆ ಕೆಲಸವನ್ನು ಈ ಫ್ಯಾನು ಮಾಡಬೇಕು. ನನ್ನ ಭ್ರಮೆಗೆ ಕಾರಣ ಸಿಕ್ಕಿತು.

ಎಂಜಿನ್ ಆರಿಸಿ ಪಕ್ಕದ ಫ್ಯೂಸ್ ಡಬ್ಬಿ ತೆರೆದೆ. ಯಾವ ರಿಲೇ ಯಾವುದರದ್ದೆಂದು ಮುಚ್ಚಳದೊಳಗೆ ಚಿತ್ರವೇ ಇತ್ತು. ರಿಲೇ ಎಂದರೆ ಕರೆಂಟನ್ನು ಬಿಡುವ, ತಡೆಯುವ ಪುಟ್ಟ ಕರಿಯ ಡಬ್ಬಿ. ಫ್ಯಾನಿನದನ್ನು ಕಿತ್ತು ನೋಡಿದರೆ ಕಾಲುಗಳಿಗೆಲ್ಲ ಹಸಿರು ಕಿಲುಬು, ಸಂದಿಯಲ್ಲಿ ಕುಂಕುಮ. ಆಯುಧಪೂಜೆಯ ದಿನ ಮಗರಾಯ ಎಂಜಿನ್ನಿಗೂ ಅಭ್ಯಂಜನ ಆಗಲಿ ಎಂದು ಪೈಪ್ ಹಿಡಿದು ನೀರು ಬಿಟ್ಟಿದ್ದ. ಬೇಡವೋ ಎಂದರೂ ಕೇಳದೆ ಫ್ಯೂಸ್ ಡಬ್ಬಿ ತೆರೆದು ಅದರೊಳಗೂ ಕುಂಕುಮ ಇಟ್ಟಿದ್ದ. ಚಳಿಗಾಲದಲ್ಲಿ ಎ.ಸಿ. ಯಾರು ಹಾಕುತ್ತಾರೆ? ಪೂಜೆಯ ಫಲ ಬೇಸಿಗೆಯಲ್ಲಿ ಸಿಕ್ಕಿತು. ದೇವರ ಪಾತ್ರೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿಬಿಡಲೇ ಎಂದೂ ಒಂದು ಕ್ಷಣ ಅನಿಸಿತು.

ಚಿತ್ರದಲ್ಲಿ ಅದೇ ಅಳತೆಯ ಇನ್ನೊಂದು ರಿಲೇ ಕಂಡಿತು, ಹಾರ್ನಿನದು. ಹೊಸದು ಕೊಳ್ಳೋಣವೆಂದರೆ ಭಾನುವಾರ ಬಿಡಿಭಾಗಗಳ ಅಂಗಡಿ ಬಾಗಿಲು ಹಾಕಿರುತ್ತದೆ. ಗಾಡಿ ನೋಡುವವರು ಬರಲು ಹೆಚ್ಚು ಹೊತ್ತಿಲ್ಲ. ಹಾರ್ನಿನ ರಿಲೇ ಕಿತ್ತು ಫ್ಯಾನಿನ ಜಾಗಕ್ಕೆ ಒತ್ತಿ, ಮತ್ತೆ ಎಂಜಿನ್, ಎ.ಸಿ. ಎರಡನ್ನೂ ಹಾಕಿದೆ. ಫ್ಯಾನು ಗಿರ್ರೆಂದು ತಿರುಗಿತು. ಒಬ್ಬಳೇ ನಿಂತು ಜೋರಾಗಿ ನಕ್ಕುಬಿಟ್ಟೆ.

"ಬಾರೋ, ಕಲಾಸಿಪಾಳ್ಯದಿಂದ ತರಕಾರಿ ತರೋಣ" ಎಂದು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಸಿಗ್ನಲ್‌ನಲ್ಲಿ ನಿಂತಾಗ ಅವನು ಗಾಳಿ ಬರುವ ಕಿಂಡಿಗೆ ಕೈಯೊಡ್ಡಿದ. ನನ್ನ ಮುಖ ನೋಡಿ ಮತ್ತೆ ಕೈಯೊಡ್ಡಿದ.

"ಯಾರು ರೆಡಿ ಮಾಡಿದ್ದು?"

"ನನ್ನ ಭ್ರಮೆ" ಎಂದೆ.

ಮಾರ್ಕೆಟ್ ಹತ್ತಿರ ಒಂದು ಈರುಳ್ಳಿ ಟೆಂಪೋ ರಸ್ತೆಗೆ ಅಡ್ಡ ನಿಂತಿತ್ತು. "ಹಾರ್ನ್ ಹೊಡಿಯಮ್ಮಾ" ಎಂದ ಮಗ. ಒತ್ತಿ ತೋರಿಸಿದೆ. ಸದ್ದಿಲ್ಲ. ಅವನ ಮುಖ ಅರಳಿತು. "ನೋಡಿದ್ಯಾ, ಈಗ ಹಾರ್ನೂ ಹೋಯ್ತು! ಹಾರ್ನ್ ಇಲ್ದೆ ಈ ಊರಲ್ಲಿ ಹೆಂಗೆ ಓಡಿಸ್ತೀಯಾ? ಇವತ್ತೇ ಕೊಟ್ಬಿಡೋಣ."

ನಾನು ಕಿಟಕಿ ಇಳಿಸಿ, ಕೊನೆಯ ಬೆಂಚಿನವರನ್ನೂ ಎಬ್ಬಿಸುತ್ತಿದ್ದ ನನ್ನ ಹಳೆಯ ಗಂಟಲಿನಲ್ಲಿ ಕೂಗಿದೆ. "ಸ್ವಲ್ಪ ಮುಂದಕ್ಕೆ ತಗೊಳಪ್ಪಾ!" ಟೆಂಪೋದವನು ಬೆಚ್ಚಿಬಿದ್ದು, "ಆಯ್ತು ಮೇಡಂ, ಆಯ್ತು" ಎನ್ನುತ್ತ ಗಾಡಿ ಸರಿಸಿದ. ನಾನು ತಂಪು ಹೊರಗೆ ಹೋಗದ ಹಾಗೆ ಕಿಟಕಿ ಏರಿಸಿದೆ.

"ಹಿಂಗೆ ಓಡಿಸ್ತೀನಿ. ಹೊಸ ರಿಲೇ ನಾಳೆ ತಂದ್ಕೋತೀನಿ. ಈಗ ಗಾಡಿ ನೋಡೋಕೆ ಬರ್ತಿರೋರಿಗೆ ಫೋನ್ ಮಾಡು."

"ಏನಂತ ಹೇಳ್ಲಮ್ಮಾ?"

"ಗಾಡಿ ಮನೇಲಿಲ್ಲ, ಅಮ್ಮ ತಗೊಂಡ್ಹೋಗಿದಾರೆ ಅಂತ ಹೇಳು."