ಜರಿ ಬಿಚ್ಚಿದ ಕೇಪ್

ಶಾಲೆಯ ವೇಷಸ್ಪರ್ಧೆಗೆ ಸೂಪರ್‌ಹೀರೋನ ಕಪ್ಪು ಕೇಪ್ ಬೇಕೆಂದು ಒಬ್ಬರು ಮಗಳೊಂದಿಗೆ ವಿಜಯನಗರದ ನನ್ನ ಹೊಲಿಗೆ ಅಂಗಡಿಗೆ ಬಂದಿದ್ದರು. ನಮ್ಮ ಗದಗಿನ ಕಡೆ ಬಯಲಾಟದ ವೀರನಿಗೆ ಜರಿ, ಕನ್ನಡಿ ಇರಲೇಬೇಕು. ನಾನೂ ಧಾರಾಳವಾಗಿ ಹಚ್ಚಿಬಿಟ್ಟೆ.

ಹೊಲಿದದ್ದನ್ನು ನೋಡಿ ಹುಡುಗಿಯ ಮುಖ ಸಣ್ಣಗಾಯಿತು. "ಎಲ್ರೂ ನಗ್ತಾರೆ ಅಜ್ಜಿ."

"ನಗಲಿ ಬಿಡವಾ. ಹಾರಾಡೋರ ಸಿನಿಮಾ ಇರೋದ ನಗಾಕ."

"ಈ ಹೀರೋ ನಗಲ್ಲ. ಇವನಿಗೆ ಅಮ್ಮ ಇಲ್ಲ."

ತಂದೆ ರಸ್ತೆಯ ಕಡೆ ಮುಖ ತಿರುಗಿಸಿದರು. "ನಮ್ಮನೆಯವಳು ಹೋದ ವರ್ಷ ತೀರ್ಕೊಂಡ್ಲು, ಅಮ್ಮಾ," ಎಂದರು ಮೆಲ್ಲಗೆ.

ಅಲ್ಲೇ ಕೂತು ಜರಿ, ಕನ್ನಡಿ ಎಲ್ಲ ಬಿಚ್ಚಿಕೊಟ್ಟೆ. ಆಡಿದ ಮಾತು ಮಾತ್ರ ಹಾಗೇ ಉಳಿಯಿತು.

ಈಗ ಯಾರು ಕೇಪ್ ಹೊಲಿಸಲು ಬಂದರೂ, ನಿಮ್ಮ ಹೀರೋ ನಗುವವನೋ ಅಲ್ಲವೋ ಎಂದು ಮೊದಲು ಕೇಳಿಕೊಳ್ಳುತ್ತೇನೆ. ಮುದುಕಿಗೆ ಅರಳುಮರಳು ಎಂದುಕೊಂಡೇ ಅಳತೆ ಕೊಡುತ್ತಾರೆ.