ಗೇಟಿನ ಹೊರಗೆ ಅಪ್ಪ, ಬಸ್ಸಿನೊಳಗೆ ಚಿಕ್ಕಪ್ಪ

ಮೊನ್ನೆ ಸಿಡ್ನಿಯ ವೆಸ್ಟ್‌ಮೀಡ್ ಆಸ್ಪತ್ರೆಯಲ್ಲಿ ನಮ್ಮ ವಾರ್ಡಿನ ಟೀವಿಯಲ್ಲಿ ಯಾವುದೋ ಹಳೆಯ ಕಪ್ಪುಬಿಳುಪು ಇಂಗ್ಲಿಷ್ ಸಿನಿಮಾ ಓಡುತ್ತಿತ್ತು. ಬಂದರಿನ ಪಕ್ಕದ ಒಂದು ಬಡ ಸಂಸಾರದ ಕತೆ. ನಾನು ರೋಗಿಯೊಬ್ಬರ ಬಿಪಿ ನೋಡುತ್ತಿದ್ದೆ; ಪರದೆಯ ಮೇಲೆ ಹಡಗೊಂದು ಉದ್ದಕ್ಕೆ ಕೂಗಿತು, ನನ್ನ ಕೈ ನಿಂತೇಹೋಯಿತು. ಆ ಕೂಗು ಕೇಳಿಕೊಂಡೇ ಬೆಳೆದವಳು ನಾನು. ಕಣ್ಣು ಮುಚ್ಚಿದರೆ ಮಾತ್ರ ಸಿಗುವ ಮನೆಯೊಂದು ನಿಮಗೂ ಇರಬಹುದು. ನನ್ನದು ಮೆಲ್ಬರ್ನಿನ ಬಂದರಿನ ಹತ್ತಿರ, ಮರದ ಹಲಗೆಗಳ ಬಾಡಿಗೆ ಮನೆ. ಕಿಟಕಿ ತೆರೆದರೆ ಡೀಸೆಲ್ಲು, ಉಪ್ಪುನೀರು ಬೆರೆತ ವಾಸನೆ. ಅಪ್ಪ ಮಲ್ಪೆಯವರು; ಹಡಗು ಸೇರಿ, ಊರೂರು ಸುತ್ತಿ, ಕೊನೆಗೆ ಇಲ್ಲಿ ಕಂಟೇನರುಗಳನ್ನು ಬಿಗಿಯುವ ಕೆಲಸ ಹಿಡಿದವರು. ತಮ್ಮ ಗಂಗಾಧರನನ್ನೂ ಕ್ರೇನ್ ರಿಪೇರಿಯ ಕೆಲಸಕ್ಕೆ ಕರೆಸಿಕೊಂಡಿದ್ದರು. ನಮ್ಮ ಮನೆಯಲ್ಲೇ ಇದ್ದ ಆ ಚಿಕ್ಕಪ್ಪ ಸಂಜೆ ನನ್ನ ಕೈ ಹಿಡಿದು ಹಡಗುಗಳ ಬಾವುಟ ತೋರಿಸಿ ದೇಶಗಳ ಹೆಸರು ಕಲಿಸುತ್ತಿದ್ದ.

ನನಗೆ ಒಂಬತ್ತು ವರ್ಷವಿದ್ದಾಗ ಕಂಪನಿಯವರು ಕೆಲವರನ್ನು ಕೆಲಸದಿಂದ ತೆಗೆದರು. ಉಳಿದವರು ಮುಷ್ಕರ ಹೂಡಿದರು. ಅಪ್ಪನೂ ಗೇಟಿನ ಹೊರಗೆ ನಿಂತರು. ಮೂರನೆಯ ವಾರ ಚಿಕ್ಕಪ್ಪನಿಗೆ ಆಫೀಸಿನಿಂದ ಫೋನ್ ಬಂತು: ಕೆಲಸಕ್ಕೆ ಬಾರದಿದ್ದರೆ ವೀಸಾದ ಸ್ಪಾನ್ಸರ್‌ಶಿಪ್ ರದ್ದು, ದೇಶ ಬಿಡಬೇಕು.

"ನಿನಗೆ ಪಿಆರ್ ಉಂಟು ಅಣ್ಣ, ನಿನ್ನನ್ನು ಈ ದೇಶದಿಂದ ಯಾರೂ ಕಳಿಸುವುದಿಲ್ಲ, ನೀನು ನಿಲ್ಲಬಹುದು. ನಾನು ಹೇಗೆ ನಿಲ್ಲುವುದು?"

"ಹೋಗುವುದಾದರೆ ನನ್ನ ಎದುರಿನಿಂದಲೇ ಹೋಗಬೇಕಾಗ್ತದೆ," ಎಂದರು ಅಪ್ಪ, ಅಷ್ಟೇ.

ಅಂದಿನಿಂದ ಮಾತು ನಿಂತಿತು. ಒಬ್ಬರು ಬಂದ ಕೋಣೆಯಿಂದ ಇನ್ನೊಬ್ಬರು ಎದ್ದುಹೋಗುತ್ತಿದ್ದರು. ಅಮ್ಮ ಪಾತ್ರೆಗಳನ್ನೂ ಸದ್ದಾಗದಂತೆ ಇಡುತ್ತಿದ್ದಳು. ಶಾಲೆಗೆ ರಜೆಯಿದ್ದ ಒಂದು ಬೆಳಿಗ್ಗೆ ಅಪ್ಪನ ಸ್ವೆಟರ್ ಕೊಟ್ಟುಬರಲು ಅವಳು ನನ್ನನ್ನೂ ಗೇಟಿಗೆ ಕರೆದುಕೊಂಡು ಹೋದಳು. ಅಷ್ಟರಲ್ಲೇ ಕೆಲಸಕ್ಕೆ ಹೋಗುವವರ ಬಸ್ಸು ಬಂತು. ಜನ ಕೂಗುತ್ತಾ ಮುತ್ತಿಕೊಂಡರು. ಅಮ್ಮನ ಉಗುರು ನನ್ನ ಅಂಗೈಗೆ ನಾಟಿತು. ಕಿಟಕಿಯ ಪಕ್ಕ ಚಿಕ್ಕಪ್ಪ ತಲೆ ತಗ್ಗಿಸಿ ಕೂತಿದ್ದ. ಅಪ್ಪನ ಬದಿಯಲ್ಲಿದ್ದವನೊಬ್ಬ ದೊಡ್ಡ ಬೋಲ್ಟೊಂದನ್ನು ಎಸೆಯಲು ಕೈ ಎತ್ತಿದ. ಅಪ್ಪ ಆ ಕೈಯನ್ನು ಗಾಳಿಯಲ್ಲೇ ಹಿಡಿದರು. "ಅವನು ನನ್ನ ತಮ್ಮ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು. ಹತ್ತಿರದವರ ಕೂಗು ಇಳಿಯಿತು, ಬಸ್ಸು ಒಳಗೆ ಹೋಯಿತು. ಆಮೇಲೆ ಆ ಗುಂಪಿನಲ್ಲಿ ಯಾರೂ ಅಪ್ಪನ ಪಕ್ಕ ನಿಲ್ಲಲಿಲ್ಲ. ಆದರೂ ಮುಷ್ಕರ ಮುಗಿಯುವವರೆಗೆ ಅವರು ದಿನಾ ಹೋಗಿ, ಬೇಲಿಯ ಬಳಿ ಒಬ್ಬರೇ ನಿಂತು ಬಂದರು.

ಬೇರೆ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದೇ ಚಿಕ್ಕಪ್ಪ ಸಿಡ್ನಿಗೆ ಹೊರಟ. ಅಪ್ಪ ಹಿತ್ತಿಲಲ್ಲಿ ಟೊಮೆಟೊ ಗಿಡಗಳಿಗೆ ನೀರು ಬಿಡುತ್ತಿದ್ದರು. "ಅವನು ಹೊರಟ," ಎಂದಳು ಅಮ್ಮ. ಅಪ್ಪ ತಿರುಗಲಿಲ್ಲ. ಚಿಕ್ಕಪ್ಪ ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದು, ನನ್ನ ತಲೆ ಸವರಿ, ಹೋಗಿಬಿಟ್ಟ.

ಮತ್ತೆ ಅವನು ಬಂದದ್ದು ಹದಿನಾರು ವರ್ಷಗಳ ನಂತರ, ಅಪ್ಪ ಹಾಸಿಗೆ ಹಿಡಿದಿದ್ದಾರೆಂದು ನಾನು ಫೋನ್ ಮಾಡಿದ ಮೇಲೆ. ಕೂದಲೆಲ್ಲ ಬೆಳ್ಳಗಾಗಿತ್ತು. ಅಪ್ಪ ಕಣ್ಣು ತೆರೆದು ಅವನನ್ನು ನೋಡಿದರು.

"ಊಟ ಆಯ್ತಾ?"

"ಇಲ್ಲ ಅಣ್ಣ."

ಅಮ್ಮ ಆ ಕೋಣೆಯಲ್ಲೇ ತಟ್ಟೆ ಇಟ್ಟಳು. ಬಸ್ಸಿನ ಮಾತನ್ನು ಇಬ್ಬರೂ ಎತ್ತಲಿಲ್ಲ. ಹನ್ನೊಂದು ದಿನಗಳಲ್ಲಿ ಅಪ್ಪ ಹೋದರು. ಆಮೇಲೆ ಅಮ್ಮ, ಹೋದ ವರ್ಷ ಚಿಕ್ಕಪ್ಪ. ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ಆದರೆ ಅವತ್ತು ಚಿಕ್ಕಪ್ಪ ಉಣ್ಣುತ್ತಿದ್ದಷ್ಟು ಹೊತ್ತೂ ಅಪ್ಪ ದಿಂಬಿನ ಮೇಲೆ ಕತ್ತು ಹೊರಳಿಸಿ, ಅವನು ತಟ್ಟೆ ಖಾಲಿ ಮಾಡುವವರೆಗೆ, ಅವನನ್ನೇ ನೋಡುತ್ತಿದ್ದರು.