ಸೋರುವ ಪಂಪು, ಫಕ್ರುದ್ದೀನ್ ಸಾಬರ ಬೆರಳು

ಫಕ್ರುದ್ದೀನ್ ಸಾಬರು ರಿಪೇರಿ ಮಾಡಿದ ಪಂಪು ಸೋರುತ್ತಿದೆ ಎಂದರೆ ರಾಮನಗರದಲ್ಲಿ ಯಾರೂ ನಂಬುತ್ತಿರಲಿಲ್ಲ. ಸಾಬರಂತೂ ನಂಬಲೇ ಇಲ್ಲ. ಮರಳವಾಡಿ ಹತ್ತಿರದ ತೋಟದ ಮನೆಯೊಂದನ್ನು ನೋಡಿಕೊಳ್ಳುವ ಮಾಯಮ್ಮ ಫೋನ್ ಮಾಡಿ, "ಸಾಬ್ರೇ, ಮೊನ್ನೆ ಸ್ವಿಮ್ಮಿಂಗ್ ಪೂಲ್ ಪಂಪು ಸರಿ ಮಾಡುದ್ರಲ್ಲ, ಅದು ತೊಟ್ಟಿಕ್ತಾ ಐತೆ" ಎಂದಳು.

"ಮೇಲಿಂದ ನೀರು ಚೆಲ್ಲಿರ್ಬೇಕು, ಒಸಿ ಒರೆಸಿ ನೋಡಕ್ಕ."

ಒರೆಸಿ ನೋಡಿದ ಮಾಯಮ್ಮ ಮತ್ತೆ ಫೋನ್ ಮಾಡಿದಳು. ಸಾಬರು ಗೊಣಗುತ್ತ ಬೈಕ್ ಹತ್ತಿದರು.

ಅವರ ಜಂಬಕ್ಕೂ ಕಾರಣವಿತ್ತು. ಪ್ರಾಯದಲ್ಲಿ ಅವರು ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ರೀಲರ್ ಆಗಿದ್ದವರು. ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿರುವಾಗ ಅದರೊಳಗೇ ಬೆರಳು ಅದ್ದಿ, ಕಣ್ಣಿಗೆ ಕಾಣದ ಎಳೆಯ ತುದಿ ಹಿಡಿಯಬೇಕಿತ್ತು. ಆ ಕಸುಬು ಬಿಟ್ಟು ಮೋಟಾರು ರಿಪೇರಿಗೆ ಬಂದ ಮೇಲೂ ಬೆರಳೇ ಅವರ ಬಂಡವಾಳ. ಪಂಪು ಮುಚ್ಚುವ ಮುಂಚೆ ಕಣ್ಣು ಮುಚ್ಚಿಕೊಂಡು ಜೋಡಣೆಯ ಅಂಚಿನಲ್ಲಿ ಬೆರಳ ತುದಿಯನ್ನು ಒಂದು ಸುತ್ತು ಆಡಿಸುವರು. ಕೂದಲಷ್ಟು ಗೀರಿದ್ದರೂ ಬೆರಳು ಹೇಳುತ್ತಿತ್ತು. ತೋಟದ ಮನೆಗಳವರು ಅವರನ್ನೇ ಹುಡುಕಿ ಕರೆಸುತ್ತಿದ್ದುದು ಈ ಬೆರಳಿಗಾಗಿ. ಈಚೆಗೆ ಇನ್ನೊಂದು ಶೋಕಿಯೂ ಸೇರಿತ್ತು. ಕಾದ ಮೋಟಾರನ್ನು ಬರಿಗೈಯಲ್ಲಿ ಹಿಡಿಯುವುದು, ಯಾರಾದರೂ ಬೆರಗಾದರೆ, "ಇದು ರೀಲರ್ ಕೈ ಕಣ್ರೀ, ಬಿಸಿಗೆಲ್ಲ ಬಗ್ಗಲ್ಲ" ಎನ್ನುವುದು.

ಬಂದವರೇ ಪಂಪನ್ನು ನೋಡುವ ಮುಂಚೆಯೇ, "ಈಗಿನ ರಬ್ಬರೇ ಸರಿ ಇಲ್ಲ ಕಣಕ್ಕ" ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಆದರೆ ಕೆಲಸಕ್ಕೆ ಇಳಿದರೆ ಸಾಬರು ಸಾಬರೇ. ಪಂಪನ್ನೆಲ್ಲ ಒರೆಸಿ, ಮಾಯಮ್ಮನ ಮುಖದ ಪೌಡರ್ ಡಬ್ಬಿ ತರಿಸಿ, ಜೋಡಣೆ ಇದ್ದಲ್ಲೆಲ್ಲ ಉದುರಿಸಿ ಸ್ವಿಚ್ ಹಾಕಿದರು. ಪೈಪಿನ ಬಾಯಲ್ಲಿ ಪೌಡರ್ ಬೆಳ್ಳಗೇ ಇತ್ತು. ಪಂಪಿನೊಳಗೆ ಕಸ ತಡೆಯುವ ಬುಟ್ಟಿಯ ಮುಚ್ಚಳದ ಸುತ್ತಲೂ ಬೆಳ್ಳಗಿತ್ತು. ಮೋಟಾರು ಪಂಪಿಗೆ ಕೂಡುವ ಜಾಗದಲ್ಲಿ ಮಾತ್ರ ಮೆಲ್ಲಗೆ ಒದ್ದೆಯಾಗಿ ಕರಗಿತು. ಬೋಲ್ಟು ಬಿಗಿದರು, ನಿಲ್ಲಲಿಲ್ಲ. ಇನ್ನಷ್ಟು ಬಿಗಿದರು, ಹನಿ ಜಾಸ್ತಿಯೇ ಆಯಿತು. ಕೊನೆಗೆ ನೀರು ನಿಲ್ಲಿಸಿ ಪಂಪು ಬಿಚ್ಚಲೇಬೇಕಾಯಿತು.

ರಬ್ಬರ್ ರಿಂಗು ಹೊಸದು, ಎಲ್ಲೂ ಹರಿದಿರಲಿಲ್ಲ. ಅದು ಕೂರುವ ತೋಡಿನಲ್ಲಿ ಸಾಬರು ಕಣ್ಣು ಮುಚ್ಚಿ ಬೆರಳಾಡಿಸಿದರು. ನುಣ್ಣಗಿತ್ತು. ಒರೆಸುವ ಬಟ್ಟೆ ಹುಡುಕಲು ಪಂಪಿನ ಆ ಭಾಗವನ್ನು ಮಾಯಮ್ಮನ ಕೈಗೆ ಕೊಟ್ಟರು.

"ಇಲ್ಲೇನೋ ಚುಚ್ತೈತಲ್ಲ ಸಾಬ್ರೇ" ಎಂದಳು ಮಾಯಮ್ಮ.

"ಎಲ್ಲಿ?"

"ಇಲ್ಲೇ. ನುಚ್ಚಕ್ಕಿ ಅಂಟ್ಕೊಂಡಂಗೈತೆ."

ಸಾಬರು ಬೆರಳಿಟ್ಟರು. ನುಣ್ಣಗಿತ್ತು. ಮಾಯಮ್ಮ ಅವರ ಬೆರಳನ್ನೇ ಹಿಡಿದು ಆ ಜಾಗಕ್ಕೆ ಒತ್ತಿದಳು. ಆಗಲೂ ನುಣ್ಣಗೇ ಇತ್ತು. ಸ್ಕ್ರೂಡ್ರೈವರಿನಿಂದ ಕೆರೆದಾಗ ಹಳೆಯ ಅಂಟಿನ ಗಟ್ಟಿ ಚೂರೊಂದು ಎದ್ದು ಅಂಗೈಗೆ ಬಿತ್ತು. ಕಪ್ಪು ತೋಡಿನಲ್ಲಿ ಕಪ್ಪು ಚೂರು, ಕಣ್ಣಿಗೆ ಕಾಣುವಂತಿರಲಿಲ್ಲ. ಬೆರಳಿಗೆ ಸಿಗಬೇಕಿತ್ತು. ಅವರು ಅದನ್ನು ಬೆರಳುಗಳ ನಡುವೆ ಹೊಸಕಿದರು. ಚೂರು ಇರುವುದು ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ತಿಳಿಯುತ್ತಿರಲಿಲ್ಲ. ಎಡಗೈಯಲ್ಲಿ ಹೊಸಕಿದರು. ಅದೂ ಹಾಗೆಯೇ.

"ಯಾ ಅಲ್ಲಾ! ನನ್ನ ಬೆರಳಿಗೇನಾಯ್ತು?"

ಮಾಯಮ್ಮ ಅವರ ಕೈ ತಿರುಗಿಸಿ ನೋಡಿದಳು. ಹೆಬ್ಬೆರಳ ಬುಡದಲ್ಲಿ ಬೊಬ್ಬೆಯೊಂದು ಒಡೆದು ಹಸಿಯಾಗಿತ್ತು. "ಇದ್ಯಾವಾಗ ಸುಟ್ಕೊಂಡ್ರಿ?" ಎಂದಳು. ಸಾಬರೂ ಅದನ್ನು ನೋಡಿದ್ದು ಆಗಲೇ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಇವರಿಗೆ ಅಂಗೈ ಹುಣ್ಣನ್ನು ಇನ್ನೊಬ್ಬರು ತೋರಿಸಬೇಕಾಯಿತು. ಇಷ್ಟು ದಿನ ಎದೆಯುಬ್ಬಿಸಿ ಹೇಳಿಕೊಂಡದ್ದು ಹಳೆಯ ಕಸುಬಿನ ಗಟ್ಟಿತನವಲ್ಲ, ಕೈ ಸತ್ತುಹೋಗುತ್ತಿದ್ದುದು! ಊರೆಲ್ಲ ಭೇಷ್ ಅಂದಿತ್ತು, ಅವರೂ ಮೀಸೆ ತಿರುವಿದ್ದರು.

"ನಮ್ಮಣ್ಣ ಚೆಲುವಯ್ಯಂಗೂ ಹಿಂಗೇ ಆಗಿತ್ತು" ಎಂದಳು ಮಾಯಮ್ಮ. "ಸಕ್ಕರೆ ಕಾಯಿಲೆ. ಕಾಲಿಗೆ ಮುಳ್ಳು ಹೋಗಿದ್ದೇ ಗೊತ್ತಾಗ್ಲಿಲ್ಲ, ಬೆರಳೇ ತೆಗೆದ್ಬುಟ್ರು. ನೀವು ಯಾವಾಗಾನಾ ರಕ್ತ ಪರೀಕ್ಷೆ ಮಾಡ್ಸಿದ್ರಾ?"

"ಇಲ್ಲ. ನಂಗೇನಾಗೈತೆ ಅಂತ ಮಾಡ್ಸಲಿ?"

ಮಾತು ಬಾಯಿಂದ ಬಿದ್ದ ಮೇಲೆ ಸಾಬರಿಗೇ ನಾಚಿಕೆಯಾಯಿತು. ತೋಡನ್ನು ಒರೆಸಿ ಅವಳ ಮುಂದೆ ಹಿಡಿದರು. "ನೀವೇ ಒಂದ್ಸಾರಿ ಬೆರಳಾಡ್ಸಿ ಅಕ್ಕ." ಇಷ್ಟು ವರ್ಷದಲ್ಲಿ ಆ ಕೆಲಸವನ್ನು ಅವರು ಯಾರಿಗೂ ಬಿಟ್ಟಿರಲಿಲ್ಲ. ಮಾಯಮ್ಮ ಪೂರಾ ಒಂದು ಸುತ್ತು ಸವರಿ, ಏನೂ ಇಲ್ಲ ಎಂದಳು. ರಿಂಗು ಕೂರಿಸಿ, ಬೋಲ್ಟು ಬಿಗಿದು, ಪೌಡರ್ ಉದುರಿಸಿ ಸ್ವಿಚ್ ಹಾಕಿದರು. ಎಷ್ಟು ಹೊತ್ತು ಕಾದರೂ ಪೌಡರ್ ಬೆಳ್ಳಗೇ ಉಳಿಯಿತು.

ಮಾಯಮ್ಮ ಟೀ ಕಾಯಿಸಲು ಒಳಗೆ ಹೋದಳು. ಈಜುಕೊಳದ ಕಟ್ಟೆಯ ಮೇಲೆ ಕೂತ ಸಾಬರಿಗೆ ಚೆಲುವಯ್ಯನ ಕಾಲಿನ ಮಾತು ಕೊರೆಯತೊಡಗಿತು. ಹೆದರುತ್ತಲೇ ಬಲಗಾಲಿನ ಚಪ್ಪಲಿ ಕಳಚಿ ಅಂಗಾಲು ತಿರುಗಿಸಿದರು. ಹಿಮ್ಮಡಿಯ ಪಕ್ಕದಲ್ಲಿ ತಾಮ್ರದ ತಂತಿಯ ತುಂಡೊಂದು ಮಾಂಸದೊಳಗೆ ಹೂತಿತ್ತು. ಸುತ್ತ ಊದಿಕೊಂಡು ಕೀವು ಕಟ್ಟಿತ್ತು. ಕೀವಾಗುವಷ್ಟು ದಿನದಿಂದ ಅವರು ಅದರ ಮೇಲೆಯೇ ಓಡಾಡಿದ್ದರು.

"ಅಕ್ಕಾ!" ಎಂದು ಅವರು ಕೂಗಿದ ದನಿಗೆ ಮಾಯಮ್ಮ ಟೀ ಬಿಟ್ಟು ಓಡಿಬಂದಳು.

"ಯಾರನ್ನಾದ್ರೂ ಕರೀರಿ, ಆಸ್ಪತ್ರೆಗೆ ಬುಡ್ಲಿ" ಎಂದರು ಸಾಬರು. "ನಾನು ಗಾಡಿ ಓಡ್ಸಲ್ಲ. ಕಾಲು ಬ್ರೇಕ್ ಮೇಲೈತೋ ಇಲ್ವೋ, ನಂಗೆ ಗೊತ್ತಾಗಲ್ಲ."